ಸೊಲ್ಲು ಹಿಡಿಯುವವರು

ಹಳೆಯ ಫೋನನ್ನು ತಮ್ಮನ ಮಗಳ ಕೈಗೆ ಕೊಟ್ಟು ಹದಿನಾರು ದಿನ ಕಳೆದಿತ್ತು. ಒಂಬತ್ತನೇ ತರಗತಿಗೆ ಜನಪದ ಗೀತೆಯ ಪಾಠ ಶುರು ಮಾಡುವುದಿತ್ತು. ಪುಸ್ತಕದಲ್ಲಿರುವುದನ್ನು ಬರೀ ಓದಿಸುವ ಬದಲು ನಮ್ಮೂರ ಹೆಂಗಸರ ದನಿಯಲ್ಲೇ ಒಂದು ಸೋಬಾನೆ ಕೇಳಿಸೋಣ ಅಂದುಕೊಂಡು ಭಾನುವಾರ ಸಂಜೆ ಹೊಸ ಫೋನು ಹಿಡಿದು ಕೂತೆ. ಫೋಟೊಗಳಿದ್ದವು. ಯಾವುದೋ ಗೃಹಪ್ರವೇಶದ ಫೋಟೊ, ಯಾರದೋ ಆಧಾರ್ ಕಾರ್ಡಿನ ಫೋಟೊ, ಬೋರ್ಡಿನ ಮೇಲೆ ಬರೆದಿದ್ದ ಪರೀಕ್ಷೆಯ ವೇಳಾಪಟ್ಟಿ, ಎಲ್ಲವೂ ಇದ್ದವು. ನಂಬರುಗಳಿದ್ದವು. ವಾಟ್ಸ್‌ಆ್ಯಪ್ ಮಾತುಕತೆಗಳೂ ಬಂದಿದ್ದವು. ರೆಕಾರ್ಡರ್ ತೆರೆದೆ. ಖಾಲಿ ಪರದೆ, ನಡುವೆ ಒಂದು ಮೈಕಿನ ಚಿತ್ರ, ಅದರ ಕೆಳಗೆ ‘ಯಾವುದೇ ರೆಕಾರ್ಡಿಂಗ್ ಇಲ್ಲ’ ಎಂಬ ಸಾಲು.

ಮೊದಲಿಗೆ ಗಾಬರಿಯಾಗಲಿಲ್ಲ. ಫೋಲ್ಡರು ಬೇರೆ ಎಲ್ಲೋ ಇರಬೇಕು ಅನ್ನಿಸಿತು. ಫೈಲ್ಸ್ ತೆರೆದು ಆಡಿಯೊ ಎಂಬಲ್ಲಿ ನೋಡಿದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದಷ್ಟು ವಾಯ್ಸ್ ಮೆಸೇಜು, ಒಂದು ರಿಂಗ್‌ಟೋನು. ಡ್ರೈವ್ ನೋಡಿದೆ. ಇದ್ದ ಎರಡು ಮೇಲ್ ಐಡಿಗಳಲ್ಲೂ ಹುಡುಕಿದೆ. ರಾತ್ರಿ ಹತ್ತರ ಹೊತ್ತಿಗೆ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಗಿ ತಮ್ಮನ ಮನೆಗೆ ಫೋನ್ ಮಾಡಿ ಮಗಳನ್ನು ಎಬ್ಬಿಸಿಸಿದೆ. “ಆ ಫೋನಲ್ಲಿ ರೆಕಾರ್ಡರ್ ಒಂದ್ಸಲ ತೆಗೆದು ನೋಡು ಪುಟ್ಟಿ” ಅಂದೆ. ಅವಳು ನೋಡಿ, “ಏನಿಲ್ಲ ಅತ್ತೆ. ನೀವು ಕೊಟ್ಟಾಗ್ಲೇ ಹೊಸ ಫೋನ್ ಥರ ಇತ್ತಲ್ಲ. ನಾನೇನೂ ಡಿಲೀಟ್ ಮಾಡಿಲ್ಲ ಅತ್ತೆ” ಅಂದಳು. ದನಿಯಲ್ಲಿ ಹೆದರಿಕೆಯಿತ್ತು. ನಿನ್ನ ತಪ್ಪೇನೂ ಇಲ್ಲ ಮಲಗು ಅಂದೆ. ಅಳಿಸಿದ್ದು ನಾನೇ. ಮಗುವಿನ ಕೈಗೆ ಕೊಡುವ ಫೋನು, ನನ್ನ ಬ್ಯಾಂಕಿನ ಆ್ಯಪು ಏನೂ ಉಳಿಯಬಾರದು ಎಂದು ಸೆಟ್ಟಿಂಗ್ಸಿಗೆ ಹೋಗಿ ಎಲ್ಲವನ್ನೂ ಅಳಿಸುವ ಗುಂಡಿಯನ್ನು ನಾನೇ ಒತ್ತಿದ್ದೆ. ಒತ್ತುವ ಮೊದಲು ‘ಬ್ಯಾಕಪ್ ಮುಗಿದಿದೆ’ ಎಂಬುದನ್ನು ಎರಡು ಸಲ ಓದಿಕೊಂಡಿದ್ದೆ.

ಅದರಲ್ಲಿ ಅರವತ್ತಮೂರು ರೆಕಾರ್ಡಿಂಗುಗಳಿದ್ದವು, ಸುಮಾರು ಹನ್ನೊಂದು ಗಂಟೆಯಷ್ಟು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ನಾನು ತವರಿನಲ್ಲಿದ್ದೆ. ಸಕಲೇಶಪುರ ದಾಟಿ ಹೆತ್ತೂರು ಕಡೆ ಹೋಗುವಾಗ ಒಳಗೆ ಸಿಗುವ ಊರು ನಮ್ಮದು. ಏಳೇ ಮನೆ, ಮನೆಮನೆಯ ನಡುವೆ ತೋಟ. ಕಾಫಿ ಕೊಯ್ಲು ಮುಗಿದು ಮೆಣಸಿನ ಕೆಲಸ ನಡೆಯುತ್ತಿದ್ದ ಕಾಲ. ಬಸ್ಸಿಲ್ಲ, ಶಾಲೆಯಿಲ್ಲ, ಸಂತೆಯಿಲ್ಲ. ಸಂಜೆಯಾದರೆ ದೊಡ್ಡಮ್ಮನ ಜಗಲಿಯಲ್ಲಿ ಕೆಳಮನೆ ಅಜ್ಜಿ, ಮೂಲೆಮನೆ ಅತ್ತೆ, ಇನ್ನೂ ಒಂದಿಬ್ಬರು ಸೇರಿ ಗೊನೆಯಿಂದ ಮೆಣಸು ಬಿಡಿಸುತ್ತಾ ಹಾಡುತ್ತಿದ್ದರು. ಹಸೆಗೆ ಕರೆಯುವ ಹಾಡು, ಅರಿಶಿನದ ಹಾಡು, ಹೆಣ್ಣು ಒಪ್ಪಿಸುವ ಹಾಡು. ಈಗಿನ ಮದುವೆಗಳು ಛತ್ರಕ್ಕೆ ಹೋದವು, ಛತ್ರದಲ್ಲಿ ಸ್ಪೀಕರು. ಹಾಡಲು ಇವರನ್ನು ಯಾರೂ ಕರೆಯದೆ ಎಷ್ಟೋ ವರ್ಷವಾಗಿತ್ತು. ಕಾಲವೇ ನಿಂತಂತಿದ್ದ ಆ ಎರಡು ತಿಂಗಳಲ್ಲಿ ಅವರಿಗೇ ಮರೆತುಹೋಗಿದ್ದ ಹಾಡುಗಳು ಒಂದೊಂದಾಗಿ ಮೇಲೆ ಬಂದವು. ನಾನು ಫೋನು ಆನ್ ಮಾಡಿ ಮೊರದ ಪಕ್ಕ ಇಡುತ್ತಿದ್ದೆ. ಆಮೇಲೂ ನಾಲ್ಕು ವರ್ಷ, ರಜಕ್ಕೆ ಹೋದಾಗಲೆಲ್ಲ ಇದು ಮುಂದುವರಿಯಿತು.

ಕೆಳಮನೆ ಅಜ್ಜಿ ಒಂದು ದಿನ ಹಾಡು ಮುಗಿಸಿ ಎಲೆಅಡಿಕೆಗೆ ಸುಣ್ಣ ಸವರುತ್ತಾ, “ನಾವು ಹೋದ್ಮೇಲೆ ಇದ್ನೆಲ್ಲ ಯಾರು ಹಾಡ್ತಾರೆ ಮಗಾ” ಅಂದಿದ್ದರು. ನಾನು ಫೋನು ಎತ್ತಿ ತೋರಿಸಿ, “ಯೋಚ್ನೆ ಮಾಡ್ಬೇಡಿ ಅಜ್ಜಿ, ಎಲ್ಲ ಇದ್ರಲ್ಲಿದೆ” ಅಂದಿದ್ದೆ. ಅಜ್ಜಿ ನಂಬಿದರು. 2022ರ ಕಾರ್ತಿಕದಲ್ಲಿ ತೀರಿಕೊಂಡರು. ಆ ಭಾನುವಾರ ರಾತ್ರಿ ನನಗೆ ನಿದ್ದೆ ಬಾರದಂತೆ ಮಾಡಿದ್ದು ಆ ನನ್ನ ಮಾತು.

ಕರಗಿಸಿದ ಕೀಲಿಕೈ

ಮಾರನೇ ದಿನ ಶಾಲೆ ಮುಗಿಸಿ, ತಮ್ಮನ ಮಗಳಿಂದ ಫೋನು ತರಿಸಿಕೊಂಡು ಹಾಸನದ ಬಿ.ಎಂ. ರಸ್ತೆಯ ಒಂದು ಮೊಬೈಲ್ ರಿಪೇರಿ ಅಂಗಡಿಗೆ ಹೋದೆ. ಇಪ್ಪತ್ತೈದರ ಆಸುಪಾಸಿನ ಹುಡುಗ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಫೋನನ್ನು ಕೈಗೆ ತೆಗೆದುಕೊಳ್ಳುವ ಮೊದಲೇ, “ಫ್ಯಾಕ್ಟರಿ ರೀಸೆಟ್ ಮಾಡಿದ್ರಾ ಮೇಡಂ?” ಎಂದು ಕೇಳಿದ. ಹೌದೆಂದೆ. “ಹಂಗಾದ್ರೆ ಬರಲ್ಲ” ಅಂದ. ಎಷ್ಟಾದರೂ ಕೊಡುತ್ತೇನೆ, ಬೆಂಗಳೂರಿಗೆ ಕಳಿಸಿದರೆ ಆಗುತ್ತದೆಯೇ, ಏನೋ ಸಾಫ್ಟ್‌ವೇರ್ ಇದೆಯಂತಲ್ಲ ಎಂದೆಲ್ಲ ಕೇಳಿದೆ. ಅವನು ಬೇಜಾರು ಮಾಡಿಕೊಳ್ಳದೆ ಸ್ಟೂಲು ಎಳೆದು ಕೂರಿಸಿ ವಿವರಿಸಿದ.

ಮೊದಲಿನ ಫೋನುಗಳಲ್ಲಿ, ಮೆಮೊರಿ ಕಾರ್ಡುಗಳಲ್ಲಿ, ಒಂದು ಕಡತ ಅಳಿಸಿದರೆ ಅಳಿಯುತ್ತಿದ್ದುದು ಪರಿವಿಡಿಯ ಸಾಲು ಮಾತ್ರ. ಪುಟ ಅಲ್ಲೇ ಇರುತ್ತಿತ್ತು, ಅದರ ಮೇಲೆ ಹೊಸದೇನಾದರೂ ಬರೆಯುವ ತನಕ. ಅದಕ್ಕೇ ಅಳಿಸಿದ ಫೋಟೊಗಳನ್ನು ಹೊರಗೆ ತೆಗೆಯುವ ಸಾಫ್ಟ್‌ವೇರುಗಳಿದ್ದವು. ಈಗಿನ ಫೋನು ಒಳಗಿರುವುದೆಲ್ಲವನ್ನೂ ಗೂಢಲಿಪಿಯಲ್ಲೇ ಬರೆದಿಡುತ್ತದೆ. ಆಂಡ್ರಾಯ್ಡ್ 10ರೊಂದಿಗೆ ಮಾರುಕಟ್ಟೆಗೆ ಬಂದ ಫೋನುಗಳಿಂದ ಮುಂದಕ್ಕೆ ಕಡತಕಡತಕ್ಕೂ ಹೀಗೆ ಬೀಗ ಹಾಕುವುದು ಕಡ್ಡಾಯವಾಯಿತು. ಅದನ್ನು ಬಿಡಿಸುವ ಕೀಲಿ ಫೋನಿನೊಳಗೇ ಇರುತ್ತದೆ. ರೀಸೆಟ್ ಮಾಡಿದಾಗ ಮೊದಲು ಹೋಗುವುದು ಆ ಕೀಲಿ. ಚಿಪ್ಪಿನಲ್ಲಿ ಅಕ್ಷರಗಳು ಒಂದಿಷ್ಟು ಹೊತ್ತು ಉಳಿದಿದ್ದರೂ ಅವನ್ನು ಓದಲು ಯಾರಿಂದಲೂ ಆಗುವುದಿಲ್ಲ. ಹುಡುಗ ಇದನ್ನೆಲ್ಲ ಒಂದೇ ಮಾತಿನಲ್ಲಿ ಹೇಳಿದ: “ಪೆಟ್ಟಿಗೆ ಇದೆ ಮೇಡಂ, ಬೀಗಾನೂ ಗಟ್ಟಿ ಇದೆ, ಕೀಲಿಕೈ ಕರಗಿಸಿಬಿಟ್ಟಿದೀರ.” ದುಡ್ಡು ತೆಗೆದುಕೊಳ್ಳಲಿಲ್ಲ.

ಕಳ್ಳನ ಕೈಗೆ ಸಿಕ್ಕರೆ ನಮ್ಮ ಬದುಕು ಬಯಲಾಗದಿರಲಿ ಎಂದು ಮಾಡಿದ ವ್ಯವಸ್ಥೆ ಇದು. ಅದು ಸರಿಯಾಗಿಯೇ ಕೆಲಸ ಮಾಡಿತ್ತು. ಬ್ಯಾಕಪ್ಪೂ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಅದರ ಕೆಲಸ ಏನು ಎಂಬುದನ್ನು ನಾನು ಕೇಳಿಕೊಂಡಿರಲಿಲ್ಲ, ಅಷ್ಟೆ. ಸೆಟ್ಟಿಂಗ್ಸಿನಲ್ಲಿ ನಾನು ಆನ್ ಮಾಡಿಟ್ಟಿದ್ದ ಬ್ಯಾಕಪ್ ಕರೆಗಳ ಪಟ್ಟಿ, ಎಸ್ಸೆಮ್ಮೆಸ್ಸು, ಫೋನಿನ ಹೊಂದಾಣಿಕೆಗಳು, ಆ್ಯಪುಗಳ ಒಂದಿಷ್ಟು ಮಾಹಿತಿ ಇವನ್ನು ಒಯ್ಯುತ್ತಿತ್ತು. ಆ್ಯಪುಗಳ ಮಾಹಿತಿಗೂ ಒಂದೊಂದಕ್ಕೆ 25 ಎಂ.ಬಿ.ಯ ಮಿತಿ. ಫೋಟೊದ ಆ್ಯಪು ಫೋಟೊ ಮತ್ತು ವಿಡಿಯೊ ಒಯ್ಯುತ್ತಿತ್ತು, ಹೆಸರೇ ಹೇಳುವಂತೆ. ಬರೀ ದನಿಯನ್ನು ಒಯ್ಯುವವರು ಯಾರೂ ಇರಲಿಲ್ಲ. ಹಳೆಯ ಫೋನಿಗೂ ಹೊಸದಕ್ಕೂ ಕೇಬಲ್ ಜೋಡಿಸಿ ಎಲ್ಲವನ್ನೂ ದಾಟಿಸುವ ದಾರಿಯೊಂದನ್ನು ಹೊಸ ಫೋನು ಮೊದಲ ದಿನವೇ ತೋರಿಸಿತ್ತು. ಆ ಕೇಬಲ್ ಹುಡುಕುವ ತಾಳ್ಮೆ ಆ ಸಂಜೆ ನನಗಿರಲಿಲ್ಲ. ಬ್ಯಾಕಪ್ ಇದೆಯಲ್ಲ ಅಂದುಕೊಂಡೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಸಾಮಾನ್ಯ ಗುಣಮಟ್ಟದ ರೆಕಾರ್ಡಿಂಗ್ ಒಂದು ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಎಂ.ಬಿ. ಹನ್ನೊಂದು ಗಂಟೆ ಎಂದರೆ 650 ಎಂ.ಬಿ. ಆಸುಪಾಸು. ನಮ್ಮ ಸಂಬಂಧಿಕರ ಮದುವೆಯ ವಿಡಿಯೊ ಒಂದೇ ಇದರ ಹತ್ತು ಪಟ್ಟು ಇದೆ, ಅದು ಮೂರು ಮನೆಯಲ್ಲಿ ಮೂರು ಪೆನ್‌ಡ್ರೈವಿನಲ್ಲಿ ಭದ್ರವಾಗಿದೆ. ಕೆಳಮನೆ ಅಜ್ಜಿಯ ಎಪ್ಪತ್ತು ವರ್ಷದ ನೆನಪು ನನ್ನ ಶಾಲೆಯ ಬೀರುವಿನಲ್ಲಿರುವ ಅತ್ಯಂತ ಚಿಕ್ಕ ಪೆನ್‌ಡ್ರೈವಿನ ಒಂದು ಮೂಲೆಗೂ ಸಾಕಾಗುತ್ತಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಗೊತ್ತಾಯಿತು, ಎಲ್ಲರ ಬಳಿಯೂ ಇಂಥದೊಂದು ಇದೆ. ಗಣಿತದ ಮೇಷ್ಟ್ರ ವಾಟ್ಸ್‌ಆ್ಯಪ್ ಬ್ಯಾಕಪ್ ಏಳು ತಿಂಗಳಿಂದ ನಿಂತುಹೋಗಿದ್ದು ಅವರಿಗೆ ಗೊತ್ತಾದದ್ದು ಫೋನು ನೀರಿಗೆ ಬಿದ್ದಮೇಲೆ. ಗೂಗಲ್ ಖಾತೆಗೆ ಪುಕ್ಕಟೆ ಸಿಗುವ ಜಾಗ 15 ಜಿ.ಬಿ., ಮೇಲು, ಡ್ರೈವು, ಫೋಟೊ ಮೂರಕ್ಕೂ ಸೇರಿ. 2021ರ ಜೂನ್ 1ರಿಂದ ಹೊಸ ಫೋಟೊಗಳೆಲ್ಲ ಆ ಲೆಕ್ಕಕ್ಕೆ ಬಂದವು. 2024ರಲ್ಲಿ ಆಂಡ್ರಾಯ್ಡ್ ಫೋನುಗಳ ವಾಟ್ಸ್‌ಆ್ಯಪ್ ಬ್ಯಾಕಪ್ಪೂ ಬಂತು. ಜಾಗ ತುಂಬಿದ ದಿನ ಎಲ್ಲವೂ ಸದ್ದಿಲ್ಲದೆ ನಿಲ್ಲುತ್ತದೆ, ಬರುವ ಎಚ್ಚರಿಕೆಯನ್ನು ನಾವು ಜಾಹೀರಾತು ಸರಿಸಿದಂತೆ ಸರಿಸುತ್ತೇವೆ. ವಿಜ್ಞಾನದ ಮೇಡಂ ಅವರದು ಇನ್ನೊಂದು ಥರ. ಫೋನು ಭಾರವಾಯಿತೆಂದು ಫೋಟೊಗಳನ್ನು ಅಳಿಸಿದರು, ಮೇಲೆ ಕ್ಲೌಡಿನಲ್ಲಿದೆಯಲ್ಲ ಎಂಬ ಧೈರ್ಯದಲ್ಲಿ. ಎರಡೂ ಕಡೆ ತೋರುತ್ತಿದ್ದುದು ಒಂದೇ ಫೋಟೊ, ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ ಎಂಬುದು ಗೊತ್ತಿರಲಿಲ್ಲ. ಅವರ ಅದೃಷ್ಟ, ಕಸದ ಬುಟ್ಟಿಯಲ್ಲಿ 60 ದಿನ ಉಳಿಯುತ್ತದೆ, ಐವತ್ತನೆಯ ದಿನ ಮಗ ನೋಡಿದ. ಅವರು ಅದನ್ನು ಹೇಳುವಾಗ ಎದೆ ಮುಟ್ಟಿಕೊಂಡರು.

ಅಪ್ಪನ ಮಳೆ ಲೆಕ್ಕ

ಆ ವಾರವಿಡೀ ನನಗೆ ಮತ್ತೆ ಮತ್ತೆ ಕಣ್ಣಿಗೆ ಬರುತ್ತಿದ್ದುದು ಅಪ್ಪ ಅಟ್ಟದಿಂದ ಕ್ಯಾಲೆಂಡರಿನ ಸುರುಳಿಗಳನ್ನು ಇಳಿಸಿಕೊಂಡ ದಿನ.

ನಮ್ಮ ಕಡೆ ತೋಟವಿರುವವರ ಮನೆಯಲ್ಲಿ ಮಳೆ ಲೆಕ್ಕ ಇರುತ್ತದೆ. ಕಣದ ಮೂಲೆಯಲ್ಲಿ ಮಳೆಮಾಪಕ. ಬೆಳಗ್ಗೆ ಕಾಫಿ ಕುಡಿದು ಹೊರಗೆ ಹೋಗಿ, ಕೂಡಿದ ನೀರನ್ನು ಗಾಜಿನ ಅಳತೆಗೆ ಬಗ್ಗಿಸಿ, ಎಷ್ಟು ಇಂಚು ಎಷ್ಟು ಸೆಂಟ್ಸು ಎಂದು ಬರೆಯುವುದು. ಒಂದು ಇಂಚಿಗೆ ನೂರು ಸೆಂಟ್ಸು. ಟೀವಿಯವರು ಮಿಲಿಮೀಟರಿನಲ್ಲಿ ಏನೇ ಹೇಳಲಿ, ಮಲೆನಾಡಿನಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಮಾತಾಡುವುದು ಇಂಚು ಸೆಂಟ್ಸಿನಲ್ಲೇ. ಕಾಫಿಯ ಹೂ ಅರಳಿಸುವ ಹೂಮಳೆ ಯಾವ ದಿನ ಬಿತ್ತು, ಒಂದು ಇಂಚು ತುಂಬಿತೇ, ಅದಾದ ಎಷ್ಟು ದಿನಕ್ಕೆ, ಹೂ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಬಂತು ಎಂಬುದರ ಮೇಲೆ ಮುಂದಿನ ವರ್ಷದ ಫಸಲು ನಿಂತಿದೆ. ಅಪ್ಪ 1987ರಿಂದ ಬರೆಯುತ್ತಾ ಬಂದಿದ್ದಾರೆ. ದಿನದ ಲೆಕ್ಕ ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ, ಆ ದಿನದ ಚೌಕದೊಳಗೆ, ಸೀಸದಕಡ್ಡಿಯಲ್ಲಿ. ತಿಂಗಳ ಕೊನೆಗೆ ಅದನ್ನೆಲ್ಲ ಕೂಡಿ ಉದ್ದ ಲೆಕ್ಕದ ಪುಸ್ತಕಕ್ಕೆ ಮಸಿಪೆನ್ನಿನಲ್ಲಿ ಇಳಿಸುವುದು. ವರ್ಷ ಮುಗಿದಮೇಲೆ ಕ್ಯಾಲೆಂಡರನ್ನು ಬಿಸಾಡದೆ ಸುರುಳಿ ಸುತ್ತಿ ಒಲೆಯ ಮೇಲಿನ ಅಟ್ಟಕ್ಕೆ ಸೇರಿಸುವುದು. ಚಿಕ್ಕವಳಿದ್ದಾಗ ನಾನು ಕೇಳಿದ್ದೆ, ಪುಸ್ತಕಕ್ಕೆ ಬರೆದಾಯ್ತಲ್ಲ, ಇದು ಯಾಕೆ? “ಇರ್ಲಿ” ಅಂದಿದ್ದರು. ಅಪ್ಪ ಅದಕ್ಕಿಂತ ಹೆಚ್ಚು ಮಾತಾಡುವವರಲ್ಲ.

2019ರ ಆಗಸ್ಟಿನ ಆಶ್ಲೇಷ ಮಳೆ ನೆನಪಿರದವರು ನಮ್ಮ ಭಾಗದಲ್ಲಿ ಯಾರೂ ಇಲ್ಲ. ನಮ್ಮ ಕಣದ ಮಾಪಕದಲ್ಲೇ ಒಂದು ದಿನ ಎಂಟೂವರೆ ಇಂಚು ಬಿತ್ತು. ಧರೆ ಕುಸಿದು ದಾರಿ ಮುಚ್ಚಿತು, ಕರೆಂಟು ಹೋಗಿ ಹನ್ನೊಂದು ದಿನ ಬರಲಿಲ್ಲ. ಅಪ್ಪನ ಕೋಣೆಯ ಮೇಲೆ ಸಿಲ್ವರ್ ಮರದ ಕೊಂಬೆ ಬಿದ್ದು ಹೆಂಚು ಒಡೆದು, ರಾತ್ರಿಯಿಡೀ ನೀರು ಮೇಜಿನ ಮೇಲೆ ಸುರಿಯಿತು. ಬೆಳಗ್ಗೆ ನೋಡಿದರೆ ಲೆಕ್ಕದ ಪುಸ್ತಕ ಉಬ್ಬಿ ನಿಂತಿದೆ, ಒಳಗೆ ಮೂವತ್ತೆರಡು ವರ್ಷದ ಮಳೆ ನೀಲಿ ನೀರಾಗಿ ಹರಿದಿದೆ. ನಾನು ಅತ್ತೆ. ಅಪ್ಪ ಪುಸ್ತಕವನ್ನು ತಿರುವಿ ಹಾಕಿ ನೋಡಿ, ಒಲೆಯ ಹತ್ತಿರ ಒಣಗಲಿಟ್ಟು, ಮೊದಲು ಹೋಗಿ ಆ ದಿನದ ಮಳೆ ಅಳೆದು ಬಂದರು.

ಗೌರಿಹಬ್ಬಕ್ಕೆ ನಾನು ಮತ್ತೆ ಹೋದಾಗ ಅಟ್ಟದ ಸುರುಳಿಗಳೆಲ್ಲ ನಡುಮನೆಯಲ್ಲಿದ್ದವು. ಹೊಗೆ ಹಿಡಿದು ಕಂದಾಗಿದ್ದವು, ಆದರೆ ಹೊಗೆಯಿದ್ದಲ್ಲಿ ಹುಳ ಬರುವುದಿಲ್ಲ, ತೇವವೂ ನಿಲ್ಲುವುದಿಲ್ಲ. ಸೀಸದಕಡ್ಡಿಯ ಬರಹ ಮಸಿಯಂತೆ ಕರಗುವುದೂ ಇಲ್ಲ. ನಾನು ಓದುತ್ತಾ ಹೋದೆ, ಅಪ್ಪ ಹೊಸ ಪುಸ್ತಕಕ್ಕೆ ಬರೆಯುತ್ತಾ ಹೋದರು. ಜೂನ್ ಆರು, ಒಂದು ಇಂಚು ಹನ್ನೆರಡು. ಜೂನ್ ಏಳು, ನಲವತ್ತು ಸೆಂಟ್ಸು. ಕೆಲವು ಚೌಕಗಳಲ್ಲಿ ಮಳೆಯ ಜೊತೆಗೆ ಬೇರೆಯದೂ ಇತ್ತು: ಎಮ್ಮೆ ಈಯಿತು, ಗೊಬ್ಬರ ಬಂತು, ನಾನು ಹುಟ್ಟಿದ ದಿನದ ಚೌಕದಲ್ಲಿ ‘ಹೆಣ್ಣು. 2-35’. ಹೆಣ್ಣುಮಗು, ಎರಡು ಇಂಚು ಮೂವತ್ತೈದು ಸೆಂಟ್ಸು ಮಳೆ. ಅದನ್ನು ನಾನು ಜೋರಾಗಿ ಓದಿದಾಗ ಅಪ್ಪ ತಲೆ ಎತ್ತದೆ 2-35 ಎಂದಷ್ಟೇ ಬರೆದುಕೊಂಡರು.

1994ರ ಸುರುಳಿ ಸಿಗಲಿಲ್ಲ. ಪಕ್ಕದೂರಿನ ಅವರ ಸ್ನೇಹಿತರ ಮನೆಯಲ್ಲೂ ಮಳೆ ಲೆಕ್ಕವಿದೆ. ದಿನಾ ಬೆಳಗ್ಗೆ ಇಬ್ಬರೂ ಫೋನಿನಲ್ಲಿ ನಿಮಗೆಷ್ಟು ನಮಗೆಷ್ಟು ಎಂದು ಕೇಳಿಕೊಳ್ಳುವುದುಂಟು. ಅವರ ಲೆಕ್ಕ ತಂದು ತುಂಬಿಸಬಹುದಲ್ಲ ಅಂದೆ. “ಅದು ಅವ್ರ ತೋಟದ ಮಳೆ” ಅಂದರು. 1994 ಎಂದು ಬರೆದು, ಹನ್ನೆರಡು ತಿಂಗಳ ಹೆಸರು ಬರೆದು, ಮುಂದೆ ಖಾಲಿ ಬಿಟ್ಟರು. ಆ ಪುಟ ಈಗಲೂ ಹಾಗೇ ಇದೆ.

ಕಂಪ್ಯೂಟರಿನವರು 3-2-1 ಎಂಬ ಒಂದು ನಿಯಮ ಹೇಳುತ್ತಾರೆ. ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ವಸ್ತುವಿನ ಮೇಲಿರಲಿ, ಒಂದಾದರೂ ಮನೆಯಿಂದ ಹೊರಗಿರಲಿ. ಇದನ್ನು ಮೊದಲ ಸಲ ಓದಿದಾಗ ನಾನು ಬಹಳ ಹೊತ್ತು ಫೋನು ಕೆಳಗಿಟ್ಟು ಕೂತಿದ್ದೆ. ಮಸಿ ಒಂದು ಕಡೆ, ಸೀಸ ಇನ್ನೊಂದು ಕಡೆ. ಕೋಣೆ ಒಂದು, ಅಟ್ಟ ಇನ್ನೊಂದು. ಮನೆಯಿಂದ ಹೊರಗಿನದು ಮಾತ್ರ ಅಪ್ಪನ ಹತ್ತಿರ ಇರಲಿಲ್ಲ, 1994 ಹೋದದ್ದು ಅದಕ್ಕೇ. ಆ ಕ್ಯಾಲೆಂಡರುಗಳನ್ನು ಓದಿ ಹೇಳಿದ್ದು ನಾನೇ. ಆರು ತಿಂಗಳ ನಂತರ ಅದೇ ಊರಿನಲ್ಲಿ, ಅದೇ ಮನೆಯಿಂದ ಕೂಗಳತೆಯ ಜಗಲಿಯಲ್ಲಿ ಕೂತು ಹಾಡುಗಳನ್ನೆಲ್ಲ ಒಂದೇ ಒಂದು ಫೋನಿಗೆ ತುಂಬಿಸಿದ್ದೂ ನಾನೇ.

ಹಲ್ಮಿಡಿಯ ಮಂಟಪದಲ್ಲಿ

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ಬೇಲೂರಿಗೆ ಪ್ರವಾಸ ಕರೆದುಕೊಂಡು ಹೋದಾಗ ದಾರಿ ಬಳಸಿ ಹಲ್ಮಿಡಿಗೂ ಹೋಗಿದ್ದೆವು. ಕನ್ನಡದ ಮೇಡಂ ಆಗಿ ಅಲ್ಲಿಗೆ ಹೋಗದೆ ಬರಲು ನನಗೆ ಮನಸ್ಸು ಬರುವುದಿಲ್ಲ. ಊರಿನಲ್ಲಿ ಒಂದು ಮಂಟಪ ಕಟ್ಟಿದ್ದಾರೆ, ಅದರೊಳಗೆ ಶಾಸನ ನಿಂತಿದೆ. ಮಕ್ಕಳು ಸುತ್ತ ನಿಂತು ಫೋಟೊ ತೆಗೆಸಿಕೊಂಡರು. ಒಬ್ಬ ಹುಡುಗ ಫಲಕ ಓದಿ, “ಮಿಸ್, ಇದು ನಿಜವಾದ್ದಲ್ವಂತೆ, ಫೈಬರ್‌ದಂತೆ” ಅಂದ. ಹೌದು, ಅದು ಫೈಬರ್ ಗ್ಲಾಸಿನ ಪ್ರತಿಕೃತಿ. ಕ್ರಿ.ಶ. 450ರ ಸುಮಾರಿನದೆಂದು ವಿದ್ವಾಂಸರು ಹೇಳುವ ಮೂಲ ಕಲ್ಲು, 1936ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ. ಎಚ್. ಕೃಷ್ಣ ಅವರಿಂದ ಬೆಳಕಿಗೆ ಬಂದದ್ದು, ಈಗ ಮೈಸೂರಿನಲ್ಲಿದೆ. ಮಕ್ಕಳ ಮುಖ ಸಪ್ಪಗಾಯಿತು. ನಾನೂ ಏನೋ ಕೊಡಬೇಕಾದ್ದನ್ನು ಕೊಡಲಾಗದವಳಂತೆ ಸಮಾಧಾನ ಹೇಳಿದೆ.

ಈಗ ಅದೇ ಹುಡುಗ ಕೇಳಿದರೆ ಬೇರೆಯೇ ಹೇಳುತ್ತೇನೆ. ಮೂಲ ಒಂದು ಕಡೆ, ಪ್ರತಿ ಹುಟ್ಟಿದೂರಿನಲ್ಲಿ, ಅಕ್ಷರಗಳು ಸಾವಿರಾರು ಪುಸ್ತಕಗಳಲ್ಲಿ. ಕಲ್ಲಿನ ಮೇಲೆ ಒದ್ದೆ ಕಾಗದ ಹರಡಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿನೊಳಗೆ ಕೂರಿಸಿ, ಮೇಲೆ ಮಸಿ ಹಚ್ಚಿ ಅಚ್ಚು ತೆಗೆಯುವ ಕೆಲಸವನ್ನು ಆ ಇಲಾಖೆಯವರು ಊರೂರು ಅಲೆದು ಮಾಡಿದರು. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟ 1902ರಲ್ಲಿ ಬಂತು. ಹೀಗೆ ಓದಿ ಅಚ್ಚು ಹಾಕಿದ ಕಲ್ಲುಗಳಲ್ಲಿ ಕೆಲವು ಇವತ್ತು ಇದ್ದ ಜಾಗದಲ್ಲಿಲ್ಲ. ಯಾವುದೋ ಕಟ್ಟೆಗೆ, ತಳಪಾಯಕ್ಕೆ ಹೋಗಿವೆ. ಓದು ಮಾತ್ರ ಉಳಿದಿದೆ. ‘ಕಲ್ಲಿನಲ್ಲಿ ಕೆತ್ತಿದ್ದು’ ಎಂದು ನಾವು ಶಾಶ್ವತಕ್ಕೆ ಹೋಲಿಕೆ ಕೊಡುತ್ತೇವೆ. ಕಲ್ಲನ್ನೂ ಯಾರೋ ಒಬ್ಬರು ಕಾಗದಕ್ಕೆ ಇಳಿಸಿಕೊಳ್ಳಬೇಕಾಯಿತು.

ಮತ್ತೆ ಜಗಲಿಗೆ

ಅರವತ್ತಮೂರರಲ್ಲಿ ನಾಲ್ಕು ಸಿಕ್ಕವು. ಯಾವಾಗಲೋ ಚಿಕ್ಕಪ್ಪನ ಮಗಳಿಗೆ ಎರಡು, ಬೆಂಗಳೂರಿನಲ್ಲಿರುವ ಗೆಳತಿಗೆ ಒಂದು, ನಮ್ಮ ಮನೆಯವರ ಗುಂಪಿಗೆ ಒಂದು ವಾಟ್ಸ್‌ಆ್ಯಪ್ ಮಾಡಿದ್ದೆ. ಅವರು ಹುಡುಕಿ ಕಳಿಸಿದರು. ಚಿಕ್ಕಪ್ಪನ ಮಗಳು ಅದರಲ್ಲೊಂದನ್ನು ತನ್ನ ಮಗುವನ್ನು ಮಲಗಿಸುವಾಗ ಹಾಕುತ್ತಾಳಂತೆ. ಯಾರಿಗೂ ಕಳಿಸದೆ, ಎಲ್ಲ ಒಟ್ಟಾದಮೇಲೆ ಒಂದು ಪುಸ್ತಕ ಮಾಡಬೇಕು ಎಂದು ನಾನು ಜೋಪಾನವಾಗಿ ಇಟ್ಟುಕೊಂಡ ಐವತ್ತೊಂಬತ್ತು ಹೋದವು.

ದಸರಾ ರಜಕ್ಕೆ ಊರಿಗೆ ಹೋದೆ. ದೊಡ್ಡಮ್ಮನಿಗೆ ಹೇಳುವುದು ಹೇಗೆಂದು ಸಕಲೇಶಪುರದ ತನಕ ಬಸ್ಸಿನಲ್ಲಿ ಯೋಚಿಸುತ್ತಾ ಹೋದೆ. ಅವರಿಗೆ ಎಂಬತ್ತು ದಾಟಿದೆ. ಕೇಳಿಸಿಕೊಂಡರು. ಬೈಯಲಿಲ್ಲ, ಅಯ್ಯೋ ಅನ್ನಲೂ ಇಲ್ಲ. “ಹೋದ್ರೆ ಹೋಯ್ತು, ಮತ್ತೆ ಹಾಡಿದ್ರಾಯ್ತು ಬಿಡು” ಅಂದರು. ನಾನು ಚೀಲದಿಂದ ಫೋನು ತೆಗೆದೆ. ಈ ಸಲ ಎಲ್ಲ ವ್ಯವಸ್ಥೆ ಮಾಡಿಕೊಂಡು ಹೋಗಿದ್ದೆ. ರೆಕಾರ್ಡ್ ಆದ ದಿನವೇ ಡ್ರೈವಿಗೆ ಹೋಗಬೇಕು, ಒಂದು ಪ್ರತಿ ಲ್ಯಾಪ್‌ಟಾಪಿಗೆ, ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ ಅಪ್ಪನ ಬೀರುವಿಗೆ. ದೊಡ್ಡಮ್ಮ ಫೋನನ್ನು ನೋಡಿ, “ಅದು ಆಮೇಲೆ. ಮೊದ್ಲು ನೀನು ಸೊಲ್ಲು ಹಿಡಿ” ಅಂದರು.

ಸೋಬಾನೆಯನ್ನು ಒಬ್ಬರೇ ಹಾಡುವುದಿಲ್ಲ ಎಂಬುದು ಇದನ್ನು ಓದುವ ನಿಮಗೆ ಗೊತ್ತು. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಆ ಸೊಲ್ಲನ್ನು ಹಿಡಿದು ತಿರುಗಿ ಹಾಡುತ್ತಾರೆ. ಹೀಗೆ ಒಂದೊಂದು ಸಾಲೂ ಎರಡೆರಡು ಸಲ. ಎತ್ತಿಕೊಟ್ಟವರು ತಪ್ಪಿದರೆ ಹಿಡಿಯುವವರ ಬಾಯಲ್ಲಿ ಸರಿಯಾಗುತ್ತದೆ, ಹಿಡಿಯುವವರು ಜಾರಿದರೆ ಮುಂದಿನ ಸುತ್ತಿನಲ್ಲಿ ಗೊತ್ತಾಗುತ್ತದೆ. ಹಿಂದೆ ಕೂತು ಸೊಲ್ಲು ಹಿಡಿಯುತ್ತಿದ್ದ ಹುಡುಗಿಯರೇ ಹತ್ತು ಮದುವೆ ಕಳೆಯುವುದರೊಳಗೆ ಎತ್ತಿಕೊಡುವವರಾಗುತ್ತಿದ್ದರು. ಕೆಳಮನೆ ಅಜ್ಜಿ ಕಲಿತದ್ದು ಹಾಗೆ, ಅವರ ಹಿಂದೆ ಕೂತು ದೊಡ್ಡಮ್ಮ ಕಲಿತದ್ದು ಹಾಗೆ.

ನಾನು ನಾಲ್ಕು ವರ್ಷ ಆ ಜಗಲಿಯಲ್ಲಿ ಕೂತು ಒಂದು ಸೊಲ್ಲನ್ನೂ ಹಿಡಿದಿರಲಿಲ್ಲ. ರೆಕಾರ್ಡಿಂಗಿನಲ್ಲಿ ನನ್ನ ದನಿ ಬರಬಾರದೆಂದು ಬಾಯಿ ಮುಚ್ಚಿ ಕೂರುತ್ತಿದ್ದೆ. ಅಷ್ಟೇ ಆಗಿದ್ದರೆ ಒಂದು ಮಾತು. ನಾಲ್ಕು ದನಿ ಕಲಸಿದರೆ ಮಾತು ಸರಿಯಾಗಿ ಕೇಳುವುದಿಲ್ಲ, ಬರೆದುಕೊಳ್ಳಲು ಆಗುವುದಿಲ್ಲ ಎಂದು, ಅಜ್ಜಿ ಒಬ್ಬರೇ ಹಾಡಲಿ, ಉಳಿದವರು ಸುಮ್ಮನಿರಿ ಅಂದಿದ್ದೆ. ಮೆಣಸು ಬಿಡಿಸುವ ಮೊರದ ಸದ್ದೂ ಬೇಡವೆಂದು ಕೆಲಸ ನಿಲ್ಲಿಸಿಸಿದ್ದೆ. ತಮ್ಮನ ಮಗಳಿಗೆ ಆಗ ಹನ್ನೆರಡು ವರ್ಷ, ಅವಳು ತಾನಾಗಿಯೇ ಹಿಂದೆ ಗುನುಗಲು ಶುರು ಮಾಡಿದಾಗ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದ್ದೆ. ನಾಲ್ಕೈದು ಗಂಟಲುಗಳಲ್ಲಿ ಇದ್ದ ಹಾಡನ್ನು ಒಂದು ಗಂಟಲಿಗೆ, ಆ ಗಂಟಲಿನಿಂದ ಒಂದು ಫೋನಿಗೆ ಇಳಿಸಿದವಳು ನಾನು. ರೀಸೆಟ್ ಗುಂಡಿ ಒತ್ತಿದ ಸಂಜೆಗಿಂತ ಆ ಬೆರಳ ಸನ್ನೆ ನನ್ನನ್ನು ಈಗ ಹೆಚ್ಚು ನೋಯಿಸುತ್ತದೆ.

ದೊಡ್ಡಮ್ಮ ಹೆಣ್ಣು ಒಪ್ಪಿಸುವ ಹಾಡು ಎತ್ತಿಕೊಂಡರು. ಕೆಳಮನೆ ಅಜ್ಜಿಯದೇ ಹಾಡು. ನಾನು ಹಿಡಿದೆ. ನನಗೆ ರಾಗ ಬರುವುದಿಲ್ಲ, ಉಸಿರು ಸಾಲುವುದಿಲ್ಲ. ದೊಡ್ಡಮ್ಮ ನಿಲ್ಲಿಸಿ ನಿಲ್ಲಿಸಿ ಅದೇ ಸಾಲು ಮತ್ತೆ ಹೇಳಿಕೊಟ್ಟರು. ಮೂರನೇ ಸುತ್ತಿಗೆ ತಮ್ಮನ ಮಗಳು ಒಳಗಿನಿಂದ ಬಂದು ಹೊಸ್ತಿಲ ಮೇಲೆ ಕೂತು ಸೊಲ್ಲಿಗೆ ಸೇರಿದಳು. ಯಾರೂ ಏನೂ ಹೇಳಲಿಲ್ಲ. ಆಮೇಲೆ ಎಲ್ಲೋ ನಡುವೆ ಅವಳೇ ಫೋನಿನ ಗುಂಡಿ ಒತ್ತಿದ್ದಾಳೆ, ನಾನು ಮರೆತಿದ್ದೆ. ಅದರಲ್ಲಿ ಹಾಡು ಅರ್ಧದಿಂದ ಶುರುವಾಗುತ್ತದೆ. ಮೂರು ದನಿ, ಮಧ್ಯೆ ಕೋಳಿ, ನನ್ನ ಕೆಮ್ಮು.

ಹುಡುಗಿಯ ಕೈಗೆ ಅವಳ ತಾಯಿ ಏನೋ ಕಟ್ಟಿಕೊಡುವ ಜಾಗ ಬಂದಾಗ ದೊಡ್ಡಮ್ಮ ನಿಂತರು. ಕಣ್ಣು ಮುಚ್ಚಿದರು. ಹಿಂದಿನ ಸಾಲಿಗೆ ಹೋಗಿ ಓಡಿ ಬಂದರು, ಮತ್ತೆ ಅಲ್ಲೇ ನಿಂತರು. ಏನು ಕಟ್ಟಿಕೊಡುತ್ತಾಳೆ? ಕೆಳಮನೆ ಅಜ್ಜಿ ಇದನ್ನು ಹಾಡಿದಾಗ ನಾನು ಎದುರಿಗೇ ಕೂತಿದ್ದೆ, ಅವರ ತುಟಿಯ ಬದಲು ಪರದೆಯ ಮೇಲೆ ಓಡುವ ಕೆಂಪು ಗೆರೆಯನ್ನು ನೋಡುತ್ತಿದ್ದೆ. ನನಗೆ ಒಂದು ಅಕ್ಷರವೂ ನೆನಪಿಲ್ಲ. ನಾನು ನೋಟುಪುಸ್ತಕದಲ್ಲಿ ಆ ಎರಡು ಸಾಲಿನ ಜಾಗ ಬಿಟ್ಟು ಮುಂದಿನದನ್ನು ಬರೆದುಕೊಂಡೆ.

“ಮೂಲೆಮನೆಯವ್ಳಿಗೆ ಬರ್ತದೆ” ಅಂದರು ದೊಡ್ಡಮ್ಮ ಕೊನೆಗೆ. “ಅವ್ಳೇ ತಾನೇ ಅಜ್ಜಿ ಪಕ್ಕ ಕೂತು ಹಿಡೀತಿದ್ದಿದ್ದು. ಬೇಲೂರಲ್ಲಿ ಮಗಳ ಮನೇಲವ್ಳೆ, ಹೋಗಿ ಕೇಳು.” ಮೂಲೆಮನೆ ಅತ್ತೆಗೆ ಈಗ ಕಿವಿ ಮಂದವಂತೆ, ಫೋನಿನಲ್ಲಿ ಮಾತು ಆಗುವುದಿಲ್ಲ. ಎದುರಿಗೆ ಕೂತು ಹಾಡಿದರೆ ಹಿಡಿಯುತ್ತಾರೆ ಎಂದು ಅವರ ಮಗಳು ಹೇಳಿದಳು. ಹಿಂದಿನ ಸಾಲನ್ನು ಅವರಿಗೆ ಕೇಳುವಷ್ಟು ಜೋರಾಗಿ ನಾನೇ ಎತ್ತಿಕೊಡಬೇಕು. ಈ ವಾರವೆಲ್ಲ ಅಡುಗೆ ಮಾಡುವಾಗ ಅದನ್ನೇ ಹೇಳಿಕೊಳ್ಳುತ್ತಿದ್ದೇನೆ. ತಮ್ಮನ ಮಗಳೂ ಬರುತ್ತಾಳಂತೆ. ಭಾನುವಾರ ಬೆಳಗ್ಗೆ ಹಾಸನದಿಂದ ಮೊದಲ ಬಸ್ಸಿಗೆ ಹೊರಡುತ್ತೇವೆ.